ರಾಗಿ ಕೋಣೆ ದೇವರಿಗೋ ಟ್ಯಾಬಿಗೋ

ಮೊನ್ನೆ ಮೊನ್ನೆಯವರೆಗೆ ನಮ್ಮ ಮನೆಯಲ್ಲಿ ಮಣೆಗಳು ಒಟ್ಟು ಆರು. ಒಂದು ಚಪಾತಿ ಮಣೆ, ಅದು ನನ್ನದು. ಉಳಿದ ಐದು ನನ್ನ ಯಜಮಾನರವು. ನನ್ನ ಮಣೆಯ ಮೇಲೆ ಲಟ್ಟಿಸಿದರೆ ಕೊನೆಗೆ ಒಂದು ಚಪಾತಿಯಾದರೂ ಏಳುತ್ತದೆ. ಅವರು ತಮ್ಮ ಮಣೆಗಳ ಮೇಲೆ ಹತ್ತು ಹನ್ನೆರಡು ವರ್ಷದಿಂದ ಬೆರಳು ಲಟ್ಟಿಸುತ್ತಲೇ ಇದ್ದಾರೆ. ಅದರಿಂದ ಒಂದು ತುತ್ತು ಎದ್ದದ್ದನ್ನು ನಾನಂತೂ ಕಂಡಿಲ್ಲ. ಅವರು ಅವಕ್ಕೆ ಟ್ಯಾಬು ಎನ್ನುತ್ತಾರೆ. ನಾನು ಮಣೆ ಎಂದರೆ ಮುಖ ಊದಿಸುತ್ತಾರೆ.

ಅವರ ಹೆಸರು ನಾಗೇಶ್. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಫೀಲ್ಡ್‌ಮನ್. ಯಾರ ಗದ್ದೆಯ ಕಬ್ಬಿಗೆ ಎಷ್ಟು ತಿಂಗಳಾಯಿತು, ಯಾವಾಗ ಕಡಿಯಬೇಕು ಎಂದು ನೋಡಿಕೊಂಡು ಬರುವ ಕೆಲಸ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನಮ್ಮೂರು. ಈ ಊರಿಗೆ ಯಾವ ಹೊಸ ಯಂತ್ರ ಬಂದರೂ ಮೊದಲು ಬರುವುದು ನಮ್ಮ ಮನೆಗೆ. ಮೊದಲು ಕೆಡುವುದೂ ನಮ್ಮ ಮನೆಯಲ್ಲೇ. ಮದುವೆಯಾದ ಹೊಸತರಲ್ಲಿ ಬೇರೆ ಗಂಡಂದಿರು ಹೆಂಡತಿಗೆ ಮಲ್ಲಿಗೆ ದಂಡೆ ತಂದರೆ ಇವರು ಮಂಡ್ಯದಿಂದ ಒಂದು ಪೇಜರ್ ತಂದರು. (ಪಟ್ಟಣದವರೆಲ್ಲಾ ಪೇಜರನ್ನು ಬಿಸಾಡಿ ಮೊಬೈಲು ಕೊಳ್ಳುತ್ತಿದ್ದ ಕಾಲ ಅದು. ನಮ್ಮೂರಿನಲ್ಲಿ ಆ ಪೇಜರ್ ಒಂದು ಸಲವೂ ಕೂಗಲಿಲ್ಲ. ಆದರೂ ಸೊಂಟಕ್ಕೆ ಸಿಕ್ಕಿಸಿಕೊಂಡು, ನಡುನಡುವೆ ಅದನ್ನು ನೋಡಿ, ಬಹಳ ದೊಡ್ಡ ಸುದ್ದಿ ಬಂದವರ ಹಾಗೆ ತಲೆಯಾಡಿಸುತ್ತಿದ್ದರು.) ಆಮೇಲೆ ಕೈಯಗಲದ ಡಿಜಿಟಲ್ ಡೈರಿ ಬಂತು, ಹಾಡುವ ಟಾರ್ಚು ಬಂತು, ಎರಡು ಸಿಮ್ಮಿನ ಫೋನು ಬಂತು. ಅವೆಲ್ಲ ಬಂದ ಹಾಗೆ ಹೋದವು. ಟ್ಯಾಬು ಮಾತ್ರ ಬಂದು ಪಟ್ಟಾಭಿಷೇಕ ಮಾಡಿಸಿಕೊಂಡು ಕೂತುಬಿಟ್ಟಿತು.

ಟ್ಯಾಬನ್ನು ಹೊಗಳಲು ಇವರಿಗೆ ಸಭೆ ಬೇಕಿಲ್ಲ, ಸಮಯ ಬೇಕಿಲ್ಲ. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರೂ ಸರಿಯೇ.

"ನೋಡಮ್ಮಿ ಭಾಗ್ಯ, ಫೋನು ಅಂದ್ರೆ ಇಲಿಮರಿ. ಕಣ್ಣು ಕಿರಿದು ಮಾಡ್ಕಂಡು ಹುಡುಕ್ಬೇಕು. ಲ್ಯಾಪ್‌ಟಾಪು ಅಂದ್ರೆ ಎಮ್ಮೆ. ತೊಡೆ ಮೇಲೆ ಕೂರುಸ್ಕಂಡ್ರೆ ಬುಸುಬುಸು ಅಂತ ಬಿಸಿ ಉಸ್ರು ಬುಡ್ತದೆ. ಟ್ಯಾಬು ಎಳೇ ಕೂಸು ಕಣಮ್ಮಿ! ಕಂಕುಳಲ್ಲಿ ಎತ್ಕಂಡು ಎಲ್ಲಿಗ್ ಬೇಕಾರೂ ಓಗ್ಬೋದು. ಮುಟ್ಟುದ್ರೆ ಸಾಕು, ನಗ್ತದೆ."

"ಕೂಸನ್ನ ಎತ್ಕೊಂಡು ನಿಮಗೇನು ಗೊತ್ತು?" ಎಂದೆ. "ದೀಪಿಕ ಎಳೆಯವಳಾಗಿದ್ದಾಗ ನಿಮ್ಮ ಕಂಕುಳಲ್ಲಿ ರೇಡಿಯೊ ಇತ್ತು."

ದೀಪಿಕ ನಮ್ಮ ಒಬ್ಬಳೇ ಮಗಳು. ಈಗ ಮಂಡ್ಯದ ಹಾಸ್ಟೆಲ್ಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಾಳೆ. ಅಪ್ಪನ ಟ್ಯಾಬಿನ ಮಾತು ಎತ್ತಿದರೆ "ನೆಟ್‌ವರ್ಕ್ ಇಲ್ಲ ಅಮ್ಮ" ಎಂದು ಫೋನಿಡುವಷ್ಟು ಬುದ್ಧಿವಂತೆ.

ನ್ಯಾಯವಾಗಿ ಹೇಳಬೇಕೆಂದರೆ ಟ್ಯಾಬಿನಿಂದ ಏನೂ ಉಪಯೋಗವಿಲ್ಲ ಎಂದಲ್ಲ. ಗದ್ದೆಯ ಬದುವಿನ ಮೇಲೆ ನಿಂತು ಇವರು ಅದರಲ್ಲಿ ಆ ಗದ್ದೆಯನ್ನೇ ಆಕಾಶದಿಂದ ತೋರಿಸಿದರೆ, ಹುಟ್ಟಿದಾಗಿನಿಂದ ಅದೇ ಗದ್ದೆಯಲ್ಲಿ ದುಡಿದ ಮುದುಕರೂ "ಔದಲ್ಲಾ, ನಮ್ದೇಯ!" ಎಂದು ಬೆರಗಾಗುತ್ತಾರಂತೆ. ನಮ್ಮ ಅತ್ತೆ ಚಿಕ್ಕನಂಜಮ್ಮನವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೂ ಫೋನಿನಲ್ಲಿ ಏನೂ ಕಾಣುತ್ತಿರಲಿಲ್ಲ. ಟ್ಯಾಬಿನಲ್ಲಿ ಧಾರಾವಾಹಿಯ ಸೊಸೆ ಅಳುವಾಗ ಕಣ್ಣೀರಿನ ಹನಿ ಗೋಲಿಯಷ್ಟು ದಪ್ಪ ಕಾಣುತ್ತದೆ. ಅತ್ತೆಗೆ ಪರಮ ತೃಪ್ತಿ. ಆದ್ದರಿಂದ ಟ್ಯಾಬಿನ ವಿಷಯಕ್ಕೆ ಮನೆಯಲ್ಲಿ ಯಾವಾಗ ಮತ ಹಾಕಿದರೂ ಎರಡಕ್ಕೆ ಒಂದು. ಸೋಲುವ ಒಂದು ನಾನು.

ಆದರೆ ಹಳೆಯದು ಕೆಟ್ಟ ಮೇಲೆ ಬಿಸಾಡಬೇಕೋ ಬೇಡವೋ? ಮೊದಲನೆಯ ಟ್ಯಾಬು ಕರೆಂಟಿಗೆ ಸಿಕ್ಕಿಸಿದ್ದರೆ ಮಾತ್ರ ಬದುಕುತ್ತದೆ, ವೈರು ಎಳೆದ ಕೂಡಲೇ ಪ್ರಾಣ ಬಿಡುತ್ತದೆ. ಎರಡನೆಯದನ್ನು ಒತ್ತಿ, ಹಾಲು ಕರೆದು, ಕಾಯಿಸಿ, ಕಾಫಿ ಕುಡಿದು ಬಂದರೆ ಆಗತಾನೆ ಕಣ್ಣು ಬಿಡುತ್ತಿರುತ್ತದೆ. ಮೂರನೆಯದರಲ್ಲಿ ಎಡಗಡೆ ಮಾತ್ರ ಕಾಣುತ್ತದೆ: ವಾರ್ತೆ ಓದುವವಳ ಒಂದು ಓಲೆ, ಅರ್ಧ ಬಾಯಿ, ಅರ್ಧ ಸುದ್ದಿ. (ನನ್ನ ಕೈಯಿಂದ ಮುದ್ದೆ ಕೋಲು ಜಾರಿತು. ಅಷ್ಟೇ. ಅದರ ಬಗ್ಗೆ ಇನ್ನು ಹೆಚ್ಚು ಹೇಳಲಾರೆ.) ನಾಲ್ಕನೆಯದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡು ನಮ್ಮ ಗೌರಿ ಹಸುವನ್ನು ಹಗಲಿರುಳು ನೋಡುತ್ತಿರುತ್ತದೆ. ಗೌರಿಯೂ ಅದನ್ನು ಹಗಲಿರುಳು ನೋಡುತ್ತಿರುತ್ತಾಳೆ. ಐದನೆಯದೇ ಆಗ ಆಳುತ್ತಿದ್ದ ಅರಸು.

"ಹಳೇವನ್ನೆಲ್ಲ ಗುಜರಿಗೆ ಹಾಕಿ" ಎಂದರೆ ಇವರಿಗೆ ರೋಷ.

"ಅಳೇದಾಯ್ತು ಅಂತ ಬಿಸಾಕಾಕಾದದಾ? ನಮ್ಮವ್ವ ಅಳೇದಾದ್ಲು ಅಂತ ಬಿಸಾಕುದ್ನಾ?"

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆ ತಲೆಯೆತ್ತಿದರು. "ಲೇ, ಗುಜ್ರಿ ಮಾತ್ನಲ್ಲಿ ನನ್ನನ್ಯಾಕ್ಲಾ ತರ್ತೀಯ? ನಂಗಿನ್ನೂ ಕರೆಂಟು ಬೇಕಿಲ್ಲ ಕಣ್ಲಾ, ಅಂಗೇ ಓಡ್ತೀನಿ."

ಇಷ್ಟಾದರೂ ನಾನು ತಡೆದುಕೊಂಡಿದ್ದೆ. ಯಾರು ಏನು ಹೇಳಿದರೂ ಕೇಳಿಸಿಕೊಂಡು ಸುಮ್ಮನಿರುವುದು ನನ್ನ ಸ್ವಭಾವ. ಆದರೆ ರಾಗಿ ಕೋಣೆಯ ವಿಷಯಕ್ಕೆ ಬಂದಾಗ ನಾನು ಸುಮ್ಮನಿರಲಿಲ್ಲ.

ನಮ್ಮ ನಡುಮನೆಯ ಬಲಗಡೆ ಒಂದು ಸಣ್ಣ ಕೋಣೆಯಿದೆ. ಮಾವನವರ ಕಾಲದಲ್ಲಿ ಅಲ್ಲಿ ರಾಗಿ ಮೂಟೆ ಪೇರಿಸುತ್ತಿದ್ದರು. ಈಗ ಹೊಲವೆಲ್ಲಾ ಕಬ್ಬಾಗಿ, ಉಣ್ಣುವಷ್ಟು ರಾಗಿ ಒಂದು ಡ್ರಮ್ಮಿನಲ್ಲಿ ಮುಗಿಯುತ್ತದೆ, ಕೋಣೆ ಖಾಲಿ ಬಿದ್ದಿತ್ತು. ಮದುವೆಯಾಗಿ ಬಂದಾಗಿನಿಂದ ನನಗಿರುವ ಆಸೆ ಒಂದೇ: ಒಂದು ದೇವರ ಕೋಣೆ. ನನ್ನ ದೇವರುಗಳು ಈಗ ಇರುವುದು ಅಡುಗೆಮನೆಯ ಗೋಡೆಯ ಗೂಡಿನಲ್ಲಿ, ಒಲೆಗೆ ಒಂದು ಮೊಳ ದೂರ. ಮುತ್ತತ್ತಿ ಆಂಜನೇಯನ ಪಟಕ್ಕೆ ಒಗ್ಗರಣೆ ಹೊಗೆ ಹಿಡಿದು ಹಿಡಿದು ಬೆಟ್ಟ ಕಾಣುವುದಿಲ್ಲ, ಗದೆ ಕಾಣುವುದಿಲ್ಲ. ಬಾಲದ ತುದಿ ಮಾತ್ರ ಕಾಣುತ್ತದೆ. ಭಾನುವಾರ ಇವರು ಬಂಡೂರು ಕುರಿಯ ಬಾಡು ತಂದರಂತೂ ನಾನು ಗೂಡಿಗೆ ಪರದೆ ಎಳೆದು, "ಸ್ವಲ್ಪ ಹೊತ್ತು ತಡ್ಕೊಳ್ಳಪ್ಪ, ಸಾರು ಕುದಿ ಬಂದ ತಕ್ಷಣ ಇಳಿಸ್ತೀನಿ" ಎಂದು ಕೈ ಮುಗಿಯುತ್ತೇನೆ. ಹೀಗೆ ದೇವರಿಂದ ಸಮಯ ಕೇಳಿಕೊಂಡು ಎಷ್ಟು ವರ್ಷ ಅಡುಗೆ ಮಾಡುವುದು?

ರಾಗಿ ಕೋಣೆಗೆ ನಾನೇ ಸುಣ್ಣ ಬಳಿದೆ. ಪೂರ್ವಕ್ಕೆ ಪೀಠ ಎಲ್ಲಿ, ದೀಪ ಎಲ್ಲಿ ಎಂದು ಲೆಕ್ಕ ಹಾಕಿದೆ. ಸುಣ್ಣ ಒಣಗುವಷ್ಟರಲ್ಲಿ ಯಜಮಾನರು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆತಂದು ಮೂರು ಗೋಡೆಗೂ ಪ್ಲಗ್ಗು ಹಾಕಿಸಿದ್ದರು.

"ಇದೇನಿದು?" ಎಂದೆ.

"ಟ್ಯಾಬು ಕೋಣೆ. ಎಲ್ಲಾ ಒಂದೇ ಕಡೆ ಚಾರ್ಜಿಗೆ ಮಡಗ್ಬೋದು. ಮುಂದಿನ ತಿಂಗ್ಳು ದೊಡ್ಡದೊಂದು ಬತ್ತದೆ. ಬರಿಯಾಕೆ ಪೆನ್ನೂ ಅದೆ ಅದಕ್ಕೆ."

"ಆರನೇದಾ?" ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. "ಆರನೇ ಟ್ಯಾಬು ಈ ಹೊಸಿಲು ದಾಟಿದರೆ ನಾನು ಈ ಹೊಸಿಲು ದಾಟ್ತೀನಿ. ದೇವರನ್ನ ಒಗ್ಗರಣೆ ಹೊಗೆಯಲ್ಲಿ ಕೂರಿಸಿ, ಹಾಳು ಮಣೆಗಳಿಗೆ ಸುಣ್ಣ ಬಳಿದ ಕೋಣೆ!"

"ದೇವ್ರು ಎಲ್ಲಾ ಕಡೆ ಅವ್ನೆ ಅಂತ ನೀನೇ ಯೋಳ್ತೀಯ. ಟ್ಯಾಬು ಅಂಗಲ್ಲ ಕಣಮ್ಮಿ. ಪ್ಲಗ್ಗಿರೋ ಕಡೆ ಮಾತ್ರ ಇರಾದು."

ಇಂಥ ವೇದಾಂತಿಯ ಜೊತೆ ಎರಡು ದಿನ ಮಾತು ಬಿಟ್ಟೆ. ಇವರಿಗೆ ಅದು ತಿಳಿಯಲೇ ಇಲ್ಲ. ಮೂರನೆಯ ದಿನ ನನಗೇ ಒಂದು ದಿವ್ಯವಾದ ಉಪಾಯ ಹೊಳೆಯಿತು: ಬಸವಪ್ಪನನ್ನು ಕರೆಸುವುದು.

ನಮ್ಮ ಸೀಮೆಯಲ್ಲಿ ಮನುಷ್ಯರಿಂದ ತೀರದ ವ್ಯಾಜ್ಯಗಳನ್ನು ತೀರಿಸುವುದು ದೇವಸ್ಥಾನದ ಬಸವಪ್ಪ. ದೇವರಿಗೆ ಬಿಟ್ಟ ಹೋರಿ. ಹೆಣ್ಣು ಕೊಡಬಹುದೋ ಬೇಡವೋ, ಬೋರ್ ಕೊರೆಸುವುದು ಎಲ್ಲಿ, ಅಣ್ಣ ತಮ್ಮಂದಿರಲ್ಲಿ ಯಾರ ಮಾತು ನಿಜ ಎಂದು ಕೇಳಿಕೊಂಡು ನೆಲದ ಮೇಲೆ ಕೂತು ಅಂಗೈ ಚಾಚಬೇಕು. ಬಸವಪ್ಪ ಬಂದು ಅಂಗೈ ಮೇಲೆ ಮೆಲ್ಲಗೆ ಪಾದ ಇಟ್ಟರೆ ಆಯಿತು ಎಂದರ್ಥ. ಮುಖ ತಿರುಗಿಸಿಕೊಂಡು ಹೋದರೆ ಇಲ್ಲ. ಅಪೀಲಿಲ್ಲ. ಪಕ್ಕದೂರಿನ ದೇವಸ್ಥಾನದಲ್ಲಿ ಅಂಥ ಬಸವಪ್ಪ ಇದೆ. ಅದರ ಯೋಗಕ್ಷೇಮ ನೋಡಿಕೊಳ್ಳುವವರು ಶಿವಯ್ಯ.

ಅತ್ತೆ ಕೇಳಿದ ತಕ್ಷಣ ಎರಡೂ ಕೈ ಮುಗಿದರು. ಯಜಮಾನರು ಬೇಡ ಎನ್ನುತ್ತಾರೆಂದು ಕಾದರೆ, ಅವರು ನನಗಿಂತ ಮೊದಲೇ ಸಿದ್ಧ!

"ಆಗ್ಲಿ ಬುಡು. ಬಸ್ವಪ್ಪಂದೂ ಟಚ್ಚೇ ತಾನೆ? ಅಂಗೈ ಮೇಲೆ ಪಾದ ಮಡಗ್ತದೆ, ಉತ್ರ ಬತ್ತದೆ. ಅದೂ ಒಂಥರಾ ಟ್ಯಾಬೇಯ."

"ಕೆನ್ನೆ ಬಡ್ಕೊಳ್ಳಿ!" ಎಂದೆ. ಬಡಿದುಕೊಂಡರು. ಆದರೆ ಒಂದೇ ಕೆನ್ನೆಗೆ. ಇನ್ನೊಂದು ಕೈಯಲ್ಲಿ ಟ್ಯಾಬಿತ್ತು.

ಶಿವಯ್ಯನವರನ್ನು ಕರೆಯಲು ತೆಂಗಿನಕಾಯಿ ಹಿಡಿದು ನಾನೇ ಹೋದೆ. ಶಿವಯ್ಯ ಒಂದು ವಿಷಯ ಹೇಳಲು ಹತ್ತು ವಿಷಯ ಹೇಳುವವರು. ಅವರ ಮೊಣಕಾಲಿನ ನೋವು, ನೋವಿಗೆ ಹಚ್ಚಿದ ಎಣ್ಣೆ, ಎಣ್ಣೆ ಕೊಟ್ಟ ಅಳಿಯ, ಅಳಿಯನ ಟ್ರ್ಯಾಕ್ಟರು, ಆ ಟ್ರ್ಯಾಕ್ಟರು ನಾಲೆಗೆ ಇಳಿದ ಸಂಗತಿ, ಎಲ್ಲವನ್ನೂ ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಅಳಿಯ ಬರುವಷ್ಟರಲ್ಲಿ ಎದ್ದು ಹೋಗುತ್ತಿದ್ದರು. ನಾನು ನಾಲೆಯಿಂದ ಟ್ರ್ಯಾಕ್ಟರು ಮೇಲೆ ಬರುವವರೆಗೂ ಕೂತಿದ್ದೆ. ಆಗ ಶಿವಯ್ಯ ಪ್ರಸನ್ನರಾಗಿ ಹೇಳಿದರು:

"ಸೋಮಾರ ಕರ್ಕಂಡ್ ಬತ್ತೀನಿ ಕಣವ್ವ. ಆದ್ರೆ ಬಸ್ವಪ್ಪ ಒಂದೊಂದ್ಸಲ ಕೆಲವ್ರ ಅಟ್ಟಿ ಒಳಕ್ಕೆ ಬರಾಕೇ ಒಪ್ಪಾಕಿಲ್ಲ. ಅದರ್ ಇಷ್ಟ. ಕಡ್ಲೆಕಾಯಿ ಇಂಡಿಗೆ ಆಲೆಮನೆ ಬೆಲ್ಲ ಕಲ್ಸಿ ಮಡಗಿದ್ರೆ ಮಾತ್ರ, ಎರಡ್ ಬೀದಿ ಆಚೆಯಿಂದ್ಲೇ ಮೂಗು ಎತ್ತದೆ. ಅದೊಂದ್ರಲ್ಲಿ ನಮ್ಮಪ್ಪಂಗೆ ಬಲು ಚಪ್ಲ."

ಗಮನಿಸಿ, ಇದನ್ನು ನಾನು ಕೇಳಲಿಲ್ಲ. ಅವರೇ ಹೇಳಿದರು. ಕಿವಿಗೆ ಬಿದ್ದ ಮಾತನ್ನು ಮರೆಯುವ ಅಭ್ಯಾಸ ನನಗಿಲ್ಲ, ಅಷ್ಟೇ.

ಸೋಮವಾರ ಕೋಣೆ ತೊಳೆದು ರಂಗೋಲಿ ಹಾಕಿದೆ. ಪೂರ್ವದ ಮೂಲೆಯಲ್ಲಿ ಮಣೆ ಇಟ್ಟು (ಮರದ್ದು) ಆಂಜನೇಯನ ಪಟ ಕೂರಿಸಿದೆ. ಪಟದ ಹಿಂದೆ, ಹಳೆಯ ಸೀರೆಯ ತುಂಡು ಮುಚ್ಚಿ, ಒಂದು ಬಕೆಟ್ಟು ಹಿಂಡಿ ಬೆಲ್ಲ ಇಟ್ಟೆ. ಇದನ್ನು ಮೋಸ ಎಂದು ನೀವು ಅನ್ನಬಾರದು. ನೈವೇದ್ಯವನ್ನು ಮೊದಲೇ ಮಾಡಿಡಬಾರದು ಎಂದು ಎಲ್ಲೂ ಹೇಳಿಲ್ಲ. ದೇವರು ನನ್ನ ಕಡೆ ಇದ್ದಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಬರುವ ದಾರಿ ತೋರಿಸುವುದು ಭಕ್ತರ ಕರ್ತವ್ಯ.

ಹತ್ತು ಗಂಟೆಯ ಹೊತ್ತಿಗೆ ಕೊರಳ ಗಂಟೆ ಕೇಳಿತು. ಬಿಳಿ ಮೈ, ಬೆನ್ನ ಮೇಲೆ ಹೊದಿಸಿದ ಕೆಂಪು ಜೂಲು, ಕೊಂಬಿಗೆ ಹಿತ್ತಾಳೆ ಕಳಸ. ಬಸವಪ್ಪನ ಹಿಂದೆ ಶಿವಯ್ಯ, ಶಿವಯ್ಯನ ಹಿಂದೆ ಎರಡು ಊರಿನ ಅರ್ಧರ್ಧ ಜನ. ಅತ್ತೆ ಗೊರಸಿಗೆ ನೀರು ಹಾಕಿ, ಅರಿಶಿನ ಹಚ್ಚಿ, ಆರತಿ ಎತ್ತಿದರು. ಬಸವಪ್ಪ ಕೊಂಬನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ಬಹಳ ಮನೆ ನೋಡಿದ ನೆಂಟರ ಹಾಗೆ, ನಡುಮನೆಗೆ ಬಂತು.

ರಾಗಿ ಕೋಣೆಯ ಒಳಗೆ ಪಟದ ಪಕ್ಕ ಈ ಗೋಡೆಗೆ ಒರಗಿ ನಾನು, ಆ ಗೋಡೆಗೆ ಒರಗಿ ಯಜಮಾನರು. ಇಬ್ಬರ ಅಂಗೈಯೂ ನೆಲದ ಮೇಲೆ. ಶಿವಯ್ಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳಿದರು:

"ಅಪ್ಪಾ ಬಸ್ವಪ್ಪ, ಈ ಕೋಣೆ ದೇವ್ರಿಗಾ, ಇವ್ರ ಟ್ಯಾಬಿಗಾ? ಯಾರ್ದು ಅಂತ ಪಾದ ಕೊಟ್ಟು ತೋರ್ಸು. ಯಾರೂ ಉಸ್ರೆತ್ಬ್ಯಾಡಿ!"

ಎಲ್ಲರೂ ಉಸಿರು ಹಿಡಿದರು. ಆ ನಿಶ್ಶಬ್ದದಲ್ಲಿ ಕೋಣೆಯ ಒಳಗಿನಿಂದಲೇ ಒಂದು ಸ್ವರ ಕೇಳಿತು: "ಅಂಬಾ!"

ನಾನು ತಿರುಗಿ ನೋಡಿದೆ. ಯಜಮಾನರ ಪಂಚೆಯ ಮರೆಯಲ್ಲಿ ಐದನೆಯ ಟ್ಯಾಬು ಗೋಡೆಗೆ ಒರಗಿ ನಿಂತಿತ್ತು. ಅದರೊಳಗೆ ನಮ್ಮ ಗೌರಿ! ಕೊಟ್ಟಿಗೆಯ ಟ್ಯಾಬಿನಲ್ಲಿ ಹಿಡಿದದ್ದನ್ನು ಇದಕ್ಕೆ ತುಂಬಿಸಿಕೊಂಡು ಬಂದಿದ್ದರು. ದೊಡ್ಡ ಕಣ್ಣು ಬಿಟ್ಟುಕೊಂಡು, ಬಾಲ ಆಡಿಸುತ್ತಾ, ಇನ್ನೊಂದು ಸಲ ಬಲು ಮುದ್ದಾಗಿ ಕೂಗಿದಳು. ನಾನು ದುರುಗುಟ್ಟಿ ನೋಡಿದರೆ ಯಜಮಾನರು ಸೂರಿನ ಕಡೆ ಮುಖ ಮಾಡಿ, ಬಹಳ ಭಕ್ತಿಯಿಂದ ಜಂತೆ ಎಣಿಸುತ್ತಿದ್ದರು. ಎಂಥ ಮೋಸ! ದೇವರ ಮುಂದೆ ಹೀಗೂ ಮಾಡುವವರುಂಟೇ! (ನನ್ನ ಬಕೆಟ್ಟಿನ ವಿಷಯ ಬೇರೆ. ಅದು ನೈವೇದ್ಯ.)

ಬಸವಪ್ಪನ ಕಿವಿ ಎದ್ದಿತು. ನೇರವಾಗಿ ಅವರ ಕಡೆಗೇ ನಡೆಯಿತು. ಯಜಮಾನರು ಅಂಗೈಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, "ಕೊಡಪ್ಪ, ಕೊಟ್ಬುಡಪ್ಪ ನನ್ನೊಡೆಯ" ಎಂದು ಪಿಸುಗುಟ್ಟಿದರು. ಬಸವಪ್ಪ ಆ ಅಂಗೈಯನ್ನು ನೋಡಲೂ ಇಲ್ಲ. ಟ್ಯಾಬಿಗೆ ಮೂಗು ಹಚ್ಚಿ ಮೂಸಿತು. ಗೌರಿಯ ವಾಸನೆ ಬರಲಿಲ್ಲ. ಅನುಮಾನ ಪರಿಹಾರಕ್ಕೆಂದು ನಾಲಿಗೆ ಚಾಚಿ, ಟ್ಯಾಬಿನ ಬುಡದಿಂದ ತಲೆಯವರೆಗೆ ಒಂದೇ ಸಲಕ್ಕೆ ನೆಕ್ಕಿತು.

ಗೌರಿ ಮಾಯವಾದಳು. ಅವಳ ಜಾಗದಲ್ಲಿ ಯಾರೋ ಕೇಕು ಮಾಡುವುದನ್ನು ಹೇಳಿಕೊಡತೊಡಗಿದರು. ಇನ್ನೊಮ್ಮೆ ನೆಕ್ಕಿತು. ಕೇಕು ಹೋಗಿ ಕಬ್ಬಿನ ತಳಿಗಳ ಪಟ್ಟಿ ಬಂತು. ಮತ್ತೊಮ್ಮೆ ನೆಕ್ಕಿದಾಗ ಅದರಲ್ಲಿ ಬಸವಪ್ಪನ ಮುಖವೇ ಕಾಣಿಸಿ, "ಟಿಕ್" ಎಂದು ಸದ್ದಾಯಿತು.

"ಫೋಟ ಇಡ್ಕತು! ಬಸ್ವಪ್ಪ ಸೆಲ್ಫಿ ಇಡ್ಕತು ಕಣ್ರಲಾ!" ಎಂದು ಬಾಗಿಲಲ್ಲಿ ಯಾರೋ ಕೂಗಿದರು. ಶಿವಯ್ಯ ಕೂಡ ಉಸಿರೆತ್ತಬಾರದೆಂಬ ತಮ್ಮದೇ ಆಜ್ಞೆ ಮರೆತು, "ಎಲ್ಲಿ, ಎಲ್ಲಿ, ತೋರ್ಸಿ" ಎಂದು ಕತ್ತು ಚಾಚಿದರು.

ಆ ಗದ್ದಲದಲ್ಲಿ ನಾನು ಮೆಲ್ಲಗೆ ಕೈ ಹಿಂದೆ ಮಾಡಿ ಬಕೆಟ್ಟಿನ ಬಟ್ಟೆ ಸರಿಸಿದೆ.

ಬಸವಪ್ಪನ ಮೂಗು ಎದ್ದಿತು. ದೇಹ ಅಲ್ಲೇ ಇತ್ತು, ತಲೆ ಮಾತ್ರ ನನ್ನ ಕಡೆ ತಿರುಗಿತು. ಆಮೇಲೆ ದೇಹವೂ ತಿರುಗಿತು. ನಾನು ಅಂಗೈ ಚಾಚಿ ಕಣ್ಣು ಮುಚ್ಚಿದೆ. ಈಗ ಪಾದ ಬರುತ್ತದೆ, ಈಗ ಬರುತ್ತದೆ ಎಂದು ಆಂಜನೇಯನ ಹೆಸರು ಹೇಳಿಕೊಂಡೆ. ನನ್ನ ಕೆನ್ನೆಗೆ ಬಿಸಿ ಉಸಿರು ತಾಗಿತು. ಕಣ್ಣು ಬಿಟ್ಟು ನೋಡಿದರೆ, ಬಸವಪ್ಪ ನನ್ನ ಅಂಗೈಯನ್ನು ದಾಟಿ, ಆಂಜನೇಯನ ಪಟವನ್ನು ಮೂತಿಯಿಂದ ಸಭ್ಯವಾಗಿ ಪಕ್ಕಕ್ಕೆ ತಳ್ಳಿ, ಬಕೆಟ್ಟಿನೊಳಗೆ ಕೊಂಬಿನವರೆಗೂ ಇಳಿದಿತ್ತು.

ತಿಂದು ಮುಗಿಸಿತು. ಬಕೆಟ್ಟಿನ ತಳ ನೆಕ್ಕಿತು. ನಾನಿನ್ನೂ ಅಂಗೈ ಚಾಚಿಯೇ ಇದ್ದೆ. "ಆಯ್ತಲ್ಲಪ್ಪ, ಈಗಲಾದರೂ ಪಾದ ಕೊಡು" ಎಂದೆ. ಬಸವಪ್ಪ ಒಂದು ದೀರ್ಘವಾದ ಉಸಿರು ಬಿಟ್ಟು, ಮುಂಗಾಲು ಮಡಿಸಿ, ಹಿಂಗಾಲು ಮಡಿಸಿ, ನಮ್ಮಿಬ್ಬರ ನಡುವೆ ರಂಗೋಲಿಯ ಮೇಲೆ ಧೊಪ್ಪೆಂದು ಮಲಗಿ, ಮೆಲುಕು ಹಾಕತೊಡಗಿತು.

ಮೊದಲು ಬಾಯಿ ಬಿಟ್ಟದ್ದು ಅತ್ತೆ.

"ಅಯ್ಯೋ ನನ್ನಪ್ಪ! ನಮ್ಮಟ್ಟೀಲಿ ನೆಲೆ ನಿಂತ್ಬುಟ್ಯಾ!"

ಶಿವಯ್ಯ ಗಂಭೀರವಾಗಿ ತೀರ್ಪು ಓದಿದರು. "ಆ ಯಪ್ಪಂಗೂ ಪಾದ ಕೊಡ್ಲಿಲ್ಲ, ಈ ಅವ್ವಂಗೂ ಪಾದ ಕೊಡ್ಲಿಲ್ಲ. ಮನಿಕಂಡದೆ. ಅಂದ್ರೆ ಏನು? ಈ ಜಾಗ ನಿಮ್ಮಿಬ್ರುದ್ದೂ ಅಲ್ಲ, ನಂದು ಅಂತದೆ."

ಯಜಮಾನರು ಎದ್ದು ನಿಂತರು. "ಶಿವಯ್ಯನೋರೇ, ಆ ಬಕೀಟ್ನಲ್ಲಿ ಏನಿತ್ತು ಅಂತ ಒಸಿ ಕೇಳಿ."

"ಆ ಟ್ಯಾಬಿನಲ್ಲಿ ಕೂಗಿದ್ದು ಯಾರು ಅಂತಲೂ ಕೇಳಿ ಶಿವಯ್ಯನೋರೇ" ಎಂದೆ ನಾನು.

ಯಜಮಾನರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಗಂಡ ಹೆಂಡತಿ ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದೆವು. ಇಬ್ಬರೂ ಬಾಯಿ ಮುಚ್ಚಿಕೊಂಡು ಬಸವಪ್ಪನಿಗೆ ಅಡ್ಡಬಿದ್ದೆವು.

ಸಂಜೆ ಬಸವಪ್ಪ ತಾನಾಗಿಯೇ ಎದ್ದು ಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಲು ಬಾಗಿಲು ತೆಗೆದರೆ ಎದುರಿಗೇ ನಿಂತಿದೆ! ನನ್ನನ್ನು ಪಕ್ಕಕ್ಕೆ ಸರಿಸಿ, 'ದಾರಿ ಗೊತ್ತು, ನೀವು ಬರಬೇಡಿ' ಎನ್ನುವ ಹಾಗೆ ನೇರವಾಗಿ ರಾಗಿ ಕೋಣೆಗೆ ನಡೆದು, ಮೂಲೆಯಲ್ಲಿ ಬಕೆಟ್ಟು ಹುಡುಕಿತು. ಅಂದಿನಿಂದ ಇದೇ ಅದರ ದಿನಚರಿ.

ಮೊದಮೊದಲು ನನಗೆ ಆನಂದವೇ ಆಯಿತು. ದೇವರ ಕೋಣೆ ಬೇಕೆಂದು ಕೇಳಿದೆ; ದೇವರೇ ನಡೆದುಕೊಂಡು ಬಂತು. ಮದ್ದೂರು ತಾಲ್ಲೂಕಿನಲ್ಲಿ ಎಷ್ಟು ಹೆಂಗಸರಿಗೆ ಈ ಭಾಗ್ಯ ಉಂಟು? ಆದರೆ ಪಟದ ದೇವರಿಗೂ ಕಾಲಿರುವ ದೇವರಿಗೂ ಒಂದು ವ್ಯತ್ಯಾಸವಿದೆ. ಆಂಜನೇಯ ಇಷ್ಟು ವರ್ಷದಲ್ಲಿ ಒಂದು ದಿನವೂ ಸಗಣಿ ಹಾಕಿದವನಲ್ಲ. ಒಂದು ದಿನ ಬೆಲ್ಲ ಮುಗಿದಿತ್ತೆಂದು ಬರೀ ಹಿಂಡಿ ಇಟ್ಟೆ. ಬಸವಪ್ಪ ಬಕೆಟ್ಟನ್ನು ಒದ್ದು ಹಾಕಿದ ರಭಸಕ್ಕೆ, ಅದು ಉರುಳುತ್ತಾ ಬೀದಿಗೆ ಹೋಯಿತು.

"ದೇವ್ರಿಗೆ ಬೆಲ್ಲ ಮಿಗುಸ್ತೀಯೇನಮ್ಮಿ? ನಾಳೆ ನಿನ್ ಕಣ್ಣಿಗೆ ಪೊರೆ ಬರಾಕಿಲ್ವಾ?" ಎಂದು ಅತ್ತೆ ಗದರಿದರು. ನಿಜ ಹೇಳುವಂತಿಲ್ಲ, ಹೇಳಿದರೆ ಗೌರಿಯ ವಿಷಯವೂ ಹೊರಬರುತ್ತದೆ, ಗಂಡ ಹೆಂಡತಿ ಇಬ್ಬರ ಮಾನವೂ ಒಟ್ಟಿಗೆ ಹೋಗುತ್ತದೆ. ನಾನು ಹೊಸ ಬಕೆಟ್ಟು ತಂದೆ.

ಆಂಜನೇಯನನ್ನು ಆ ಕೋಣೆಯಲ್ಲೇ ಒಂದು ಮೊಳೆ ಹೊಡೆದು ನೇತುಹಾಕುತ್ತೇನೆ ಎಂದರೆ ಶಿವಯ್ಯ ಬೇಡವೆಂದರು. "ಕೊಂಬು ತಗುಲಿ ಗಾಜು ಒಡುದ್ರೆ ಅಪಸಕುನ ಕಣವ್ವ. ಇದ್ದಲ್ಲೇ ಇರ್ಲಿ." ಹೀಗಾಗಿ ಆಂಜನೇಯ ಮತ್ತೆ ಒಗ್ಗರಣೆಯ ಪಕ್ಕಕ್ಕೆ ಬಂದ. ಪಟ ಒರೆಸುವಾಗ ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ಪುಣ್ಯಕ್ಕೆ ಮುಖ ಕಾಣುತ್ತಿರಲಿಲ್ಲ.

ಇತ್ತ ಬಸವಪ್ಪನ ಸೆಲ್ಫಿ ಮದ್ದೂರು, ಮಂಡ್ಯ, ಮಳವಳ್ಳಿಯ ಫೋನುಗಳನ್ನೆಲ್ಲ ಸುತ್ತಿ ಬಂತು. ಅದರಲ್ಲಿ ಕಾಣುವುದು ಒಂದು ಮೂಗಿನ ಹೊಳ್ಳೆ, ಒಂದು ಕಣ್ಣು, ಹಿಂದೆ ನನ್ನ ಯಜಮಾನರ ತೆರೆದ ಬಾಯಿ. ಅಷ್ಟಕ್ಕೇ ಜನ ಬಸ್ಸಿಳಿದು ನಮ್ಮ ಮನೆ ಕೇಳಿಕೊಂಡು ಬರತೊಡಗಿದರು. ನಡುಮನೆಯಲ್ಲಿ ನೂಕುನುಗ್ಗಲು. ಆಗ ಯಜಮಾನರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಬಂದವರ ಹೆಸರು, ಊರು, ಏನು ಕೇಳಬೇಕು ಎಂಬುದನ್ನು ಟ್ಯಾಬಿನಲ್ಲಿ ಬರೆದುಕೊಂಡು ಸರದಿ ಕೊಡಲು ಕೂತರು. ಎರಡೇ ದಿನದಲ್ಲಿ ಗದ್ದಲ ಅಡಗಿತು. "ಫೀಲ್ಡ್‌ಮನ್ನೋರ್ ಟ್ಯಾಬು ಇಲ್ದಿದ್ರೆ ತುಳ್ದಾಡ್ಕಂಡು ಸಾಯ್ತಿದ್ವು" ಎಂದು ಜನ ಮೆಚ್ಚಿದರು. ಯಜಮಾನರು ನನ್ನ ಕಡೆ ನೋಡಲಿಲ್ಲ. ನೋಡದೆಯೇ ನಕ್ಕರು.

ಬಂದವರಲ್ಲಿ ಮಳವಳ್ಳಿಯ ಮೊಬೈಲ್ ಅಂಗಡಿಯವರೊಬ್ಬರಿದ್ದರು. ಹೊಸ ಅಂಗಡಿ ತೆರೆಯಲೋ ಬೇಡವೋ ಎಂದು ಕೇಳಿದಾಗ ಬಸವಪ್ಪ ಅವರ ಅಂಗೈ ಮೇಲೆ ಪಾದ ಇಟ್ಟಿತು. ಅಂಗಡಿ ತೆರೆದ ಮಾರನೆಯ ವಾರ ಅವರು ಹೆಂಡತಿಯೊಂದಿಗೆ ಹರಕೆ ಒಪ್ಪಿಸಲು ಬಂದರು. ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ; ನಡುವೆ ಅರಿಶಿನದ ಬಟ್ಟೆ ಸುತ್ತಿದ, ಚಪಾತಿ ಮಣೆಗಿಂತ ಅಗಲವಾದ ಒಂದು ವಸ್ತು. ಪಕ್ಕದಲ್ಲಿ ಅದರ ಪೆನ್ನು.

ಆರನೆಯ ಟ್ಯಾಬು ಹೊಸಿಲು ದಾಟಿತು. ಮಂಗಳವಾದ್ಯವೊಂದು ಇರಲಿಲ್ಲ ಅಷ್ಟೇ. ಎದುರುಗೊಂಡು ಕಾಲಿಗೆ ನೀರು ಕೊಟ್ಟು ಕರೆದುಕೊಂಡದ್ದು ನಾನೇ.

ಯಜಮಾನರು ಅರಿಶಿನದ ಬಟ್ಟೆ ಬಿಚ್ಚಿ, ಆ ಕನ್ನಡಿಯಂಥ ಮೈಯನ್ನು ಕಣ್ಣಿಗೊತ್ತಿಕೊಂಡು, ತೊಟ್ಟಿಲ ಕೂಸಿನ ಮುಖದಷ್ಟು ಮುಗ್ಧವಾದ ಮುಖ ಮಾಡಿ ಹೇಳಿದರು: "ಇದು ನಂದಲ್ಲ ಕಣಮ್ಮಿ, ಬಸ್ವಪ್ಪಂದು. ನಾನು ಬರೀ ನೋಡ್ಕಳಾನು."

ಹೊಸಿಲು ದಾಟಿ ಹೋಗುತ್ತೇನೆಂದು ಹೇಳಿದ್ದೆನಲ್ಲ. ಹೋಗುವುದೆಲ್ಲಿಗೆ? ಹೊಸಿಲಲ್ಲಿ ಅಷ್ಟು ಜನ ಸಾಲು ನಿಂತಿರುವಾಗ ದಾಟಲು ಜಾಗವೇ ಇರಲಿಲ್ಲ. ಸಾಲದ್ದಕ್ಕೆ ಶಿವಯ್ಯ ಹೊಸ ನಿಯಮ ಹೇಳಿದರು: ಬಸವಪ್ಪನಿಗೆ ಒಪ್ಪಿಸಿದ ವಸ್ತು ಯಾವುದೇ ಆಗಲಿ, ಮನೆಯ ಹೆಣ್ಣುಮಗಳು ಬೆಳಿಗ್ಗೆ ಅದಕ್ಕೆ ಕುಂಕುಮ ಇಟ್ಟು ಆರತಿ ಬೆಳಗಬೇಕು. ಹೀಗೆ, ಹತ್ತು ಹನ್ನೆರಡು ವರ್ಷ ಯಾವುದನ್ನು ಶಪಿಸಿದೆನೋ ಅದಕ್ಕೇ ದಿನವೂ ಸ್ನಾನ ಮಾಡಿ ಮಡಿಯುಟ್ಟು ಆರತಿ ಎತ್ತುತ್ತಿದ್ದೇನೆ. ಯಜಮಾನರು ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತಾರೆ. ಮದುವೆಯಾದ ಮೇಲೆ ಅವರು ಪೂಜೆಗೆ ನಿಂತದ್ದು ಇದೇ ಮೊದಲು.

ಹೋದ ಶುಕ್ರವಾರ ನನಗೂ ಒಂದು ಆಸೆ ಬಂತು. ಸುಣ್ಣ ಬಳಿದವಳು ನಾನು, ಸಗಣಿ ಬಾಚುವವಳು ನಾನು. ಒಂದು ದಿನವಾದರೂ ಆ ಕೋಣೆಯಲ್ಲಿ ಒಂದು ದೀಪ ಹಚ್ಚಿ, ಎರಡು ನಿಮಿಷ ಕಣ್ಣು ಮುಚ್ಚಿ ಕೂರೋಣ ಎಂದು. ತುಪ್ಪದ ದೀಪ ಹಿಡಿದು ಬಾಗಿಲಿಗೆ ಹೋದೆ. ಸ್ಟೂಲಿನ ಮೇಲಿದ್ದ ಯಜಮಾನರು ಆರನೆಯ ಟ್ಯಾಬನ್ನು ನನ್ನ ಮುಂದೆ ಹಿಡಿದರು.

"ಎಸ್ರು?"

"ಏನ್ರೀ, ಹೆಂಡತಿ ಹೆಸರು ಮರೆತುಹೋಯ್ತಾ?"

"ಬಸ್ವಪ್ಪನ್ ಮುಂದೆ ಎಂಡ್ತಿ, ಮಾವ, ಎಲ್ಲಾ ಒಂದೇಯ. ಸಾಲು ತಪ್ಪುಸ್ದೆ ಅಂದ್ರೆ ಜನ ನನ್ನ ಬುಡ್ತಾರಾ? ಬೆರಳಲ್ಲಿ ಎಸ್ರು ಬರ್ದು, ಇಂದ್ಗಡೆ ನಿಂತ್ಕೊ."

ನ್ಯಾಯ ಕೇಳೋಣವೆಂದು ಅತ್ತೆಯನ್ನು ಹುಡುಕಿದೆ. ಅವರು ಸಾಲಿನಲ್ಲೇ ಇದ್ದರು, ನನಗಿಂತ ಬಹಳ ಮುಂದೆ.

"ನಾನ್ ಕೋಳಿ ಕೂಗೋ ಒತ್ತಿಗೇ ಬರ್ಸಿವ್ನಿ ಕಣಮ್ಮಿ, ನನ್ ಜಾಗ ಕೇಳ್ಬ್ಯಾಡ" ಎಂದರು.

ಹೆಸರು ಬರೆದೆ. ಬೆರಳಲ್ಲಿ ತುಪ್ಪವಿದ್ದುದರಿಂದ ಎರಡು ಸಲ ಬರೆಯಬೇಕಾಯಿತು. ದೀಪ ಆರದಂತೆ ಸೆರಗು ಮರೆ ಮಾಡಿಕೊಂಡು, ನನ್ನದೇ ನಡುಮನೆಯಲ್ಲಿ, ಸಾಲಿನ ಕೊನೆಯಲ್ಲಿ ನಿಂತೆ. ಮುಂದಿದ್ದ ಹೆಂಗಸು ಮಳವಳ್ಳಿ ಕಡೆಯವಳಿರಬೇಕು. ನನ್ನ ಕೈಯಲ್ಲಿದ್ದ ದೀಪ ನೋಡಿ, ಪಾಪ ಎನ್ನಿಸಿ, ಪಕ್ಕಕ್ಕೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

"ಎಲ್ಲಿಂದ ಬಂದ್ರಕ್ಕ? ಬೋ ದೂರ್ವಾ?" ಎಂದು ಕೇಳಿದಳು.

ನಾನು ಅಡುಗೆಮನೆಯ ಕಡೆ ಕೈ ತೋರಿಸಿದೆ.